ಮೊದಲ ಹತ್ತು ನಿಮಿಷದ ಕಷ್ಟ: ಮೊಬೈಲ್ ಪಕ್ಕಕ್ಕಿಟ್ಟು ಪುಸ್ತಕ ಹಿಡಿಯುವುದು ಹೇಗೆ?

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ ನಮ್ಮ ಬೆಳಗಾವಿ, ವಿಜಯಪುರಕ್ಕೆ ಅಂಟಿಕೊಂಡೇ ಇದೆ. ಅಲ್ಲಿ ಮೋಹಿತ್ಯಾಂಚೆ ವಡಗಾವ್ ಎಂಬ ಹಳ್ಳಿ. 2022ರ ಆಗಸ್ಟ್ 15ರಿಂದ ಆ ಊರಿನ ದೇವಸ್ಥಾನದ ಸೈರನ್ ದಿನಾ ಸಂಜೆ 7 ಗಂಟೆಗೆ ಕೂಗತೊಡಗಿತು. ಕೂಗಿದ ಕೂಡಲೇ ಮನೆಮನೆಯಲ್ಲಿ ಟಿವಿ ಬಂದ್, ಮೊಬೈಲ್ ಬಂದ್. ಮಕ್ಕಳು ಪುಸ್ತಕ ಹಿಡಿಯಬೇಕು. ದೊಡ್ಡವರು ಓದಬಹುದು, ಬರೆಯಬಹುದು, ಸುಮ್ನೆ ಮಾತಾಡುತ್ತಾ ಕೂರಲೂಬಹುದು. 8.30ರವರೆಗೆ ಇದೇ ನಿಯಮ. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆಂದು ಮಕ್ಕಳ ಕೈಗೆ ಬಂದ ಫೋನು, ಶಾಲೆ ಬಾಗಿಲು ತೆರೆದ ಮೇಲೂ ಕೈ ಬಿಡಲಿಲ್ಲ. ಅದಕ್ಕೆ ಊರವರೇ ಸೇರಿ ಮಾಡಿಕೊಂಡ ಏರ್ಪಾಡು ಇದು.

ಓದುವುದಕ್ಕೂ ಸೈರನ್ ಬೇಕಾ ಅಂತ ನಗು ಬರಬಹುದು. ಆದರೆ ಆ ಸೈರನ್ ಏನೇನು ಕೆಲಸ ಮಾಡುತ್ತದೆ ನೋಡಿ. ‘ಇವತ್ತು ಓದೋಣವಾ ಬೇಡವಾ’ ಎಂಬ ಯೋಚನೆಯನ್ನೇ ಅದು ತೆಗೆದುಹಾಕುತ್ತದೆ. ಹೊತ್ತು ನಿಗದಿಯಾಗಿದೆ. ಪಕ್ಕದ ಮನೆಯವರೂ ಫೋನ್ ಕೆಳಗಿಟ್ಟಿದ್ದಾರೆ. ಅಂದರೆ ಓದು ಶುರುವಾಗುವ ಆ ಗಳಿಗೆಯನ್ನು ಇಡೀ ಊರು ಸೇರಿ ಸುಲಭ ಮಾಡಿಕೊಂಡಿದೆ.

ಮುಂದೆ ಹೇಳುವುದೆಲ್ಲ ಆ ಶುರುವಾತಿನ ಬಗ್ಗೆಯೇ. ‘ಮೊದಲು ಎಷ್ಟು ಓದ್ತಿದ್ದೆ, ಈಗ ನಾಲ್ಕು ಪುಟ ಆಗಲ್ಲ’ ಅನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ತಮ್ಮನ್ನೇ ಬೈದುಕೊಳ್ಳುತ್ತಾರೆ: ಮನಸ್ಸು ಗಟ್ಟಿ ಇಲ್ಲ, ಶಿಸ್ತು ಇಲ್ಲ ಅಂತ. ತೊಡಕು ಬೇರೆ ಕಡೆ ಇದೆ. ಫೋನ್ ಒಂದು ಸೆಕೆಂಡಿನಲ್ಲಿ ರುಚಿ ಕೊಡುತ್ತದೆ, ಪುಸ್ತಕಕ್ಕೆ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ದಾಟಿಸುವುದು ಹೇಗೆ ಅಂತ ಗೊತ್ತಾದರೆ ಉಳಿದದ್ದು ಅಷ್ಟೊಂದು ಕಷ್ಟವಲ್ಲ.

ಎಲ್ಲ ಸ್ಕ್ರೀನ್ ಟೈಮ್ ಒಂದೇ ಅಲ್ಲ

ಪರದೆಯ ಮುಂದೆ ಕಳೆಯುವ ಒಟ್ಟು ಸಮಯಕ್ಕೆ ಸ್ಕ್ರೀನ್ ಟೈಮ್ ಅನ್ನುತ್ತಾರೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್ ಒಳಗೆ ‘ಡಿಜಿಟಲ್ ವೆಲ್‌ಬೀಯಿಂಗ್’ ಅಂತಲೂ, ಐಫೋನಿನಲ್ಲಿ ‘ಸ್ಕ್ರೀನ್ ಟೈಮ್’ ಅಂತಲೂ ಒಂದು ಭಾಗ ಇದೆ. ಎರಡೂ 2018ರಲ್ಲಿ ಬಂದವು. ಯಾವ ಆ್ಯಪಿನಲ್ಲಿ ಎಷ್ಟು ಹೊತ್ತು ಕಳೆದಿರಿ, ದಿನಕ್ಕೆ ಎಷ್ಟು ಸಲ ಫೋನ್ ತೆರೆದಿರಿ, ಎಷ್ಟು ನೋಟಿಫಿಕೇಶನ್ ಬಂದವು ಎಲ್ಲ ಅಲ್ಲಿ ಸಿಗುತ್ತದೆ. ಒಟ್ಟು ಗಂಟೆ ನೋಡಿ ಗಾಬರಿಯಾಗಬೇಡಿ. ಆಫೀಸಿನ ಮೇಲ್, ದುಬೈನಲ್ಲಿರುವ ಮಗಳ ವಿಡಿಯೋ ಕಾಲ್, ಕಿರಾಣಿ ಅಂಗಡಿಯ ಯುಪಿಐ, ಬಸ್ಸಿನ ಟಿಕೆಟ್ಟು, ಎಲ್ಲವೂ ಆ ಲೆಕ್ಕದಲ್ಲೇ ಸೇರಿರುತ್ತದೆ. ಇದನ್ನೆಲ್ಲ ಪುಸ್ತಕದಿಂದ ತುಂಬಲು ಆಗುವುದಿಲ್ಲ, ತುಂಬಬೇಕಾಗಿಯೂ ಇಲ್ಲ.

ನೋಡಬೇಕಾದದ್ದು ಇನ್ನೊಂದು ಸಮಯ. ಯಾಕೆ ತೆರೆದೆವು ಅಂತ ಗೊತ್ತಿಲ್ಲದೆ ತೆರೆದು, ಯಾವಾಗ ಮುಗಿಸಿದೆವು ಅಂತಲೂ ತಿಳಿಯದ ಸಮಯ. ಊಟ ಮುಗಿಸಿ ಸೋಫಾಕ್ಕೆ ಒರಗಿದಾಗಿನದು, ಮಲಗಿ ದೀಪ ಆರಿಸಿದ ಮೇಲಿನದು, ಬಸ್ ಕಾಯುವಾಗಿನದು. ನಾವು ಪುಸ್ತಕಕ್ಕೆ ಕೇಳುತ್ತಿರುವ ಜಾಗ ಇಷ್ಟೇ.

ಫೋನ್ ಯಾಕೆ ಕೈ ಬಿಡುವುದಿಲ್ಲ?

ಹಿಂದೆ ಎಲ್ಲದಕ್ಕೂ ಒಂದು ಕೊನೆ ಇತ್ತು. ಪೇಪರಿಗೆ ಕೊನೆಯ ಪುಟ ಇತ್ತು. ಧಾರಾವಾಹಿ ‘ಮುಂದುವರಿಯುವುದು’ ಅಂತ ನಿಲ್ಲುತ್ತಿತ್ತು. ಶುರುವಿನ ವೆಬ್‌ಸೈಟುಗಳಲ್ಲೂ ಪುಟದ ಬುಡದಲ್ಲಿ ‘ಮುಂದಿನ ಪುಟ’ ಎಂಬ ಬಟನ್ ಇರುತ್ತಿತ್ತು. ಅದನ್ನು ಒತ್ತುವಾಗ ಒಂದು ಕ್ಷಣ ‘ಸಾಕಪ್ಪ, ಏಳೋಣ’ ಅನ್ನಿಸಲು ಅವಕಾಶ ಇತ್ತು. 2006ರಲ್ಲಿ ಏಝಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರರು ಆ ಬಟನ್ನೇ ಬೇಡದ ಒಂದು ವ್ಯವಸ್ಥೆ ಮಾಡಿದರು. ಕೆಳಗೆ ಎಳೆದ ಹಾಗೆಲ್ಲ ಹೊಸ ವಿಷಯ ತಾನಾಗಿ ಬರುತ್ತಲೇ ಇರುತ್ತದೆ. ಈಗ ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಯೂಟ್ಯೂಬ್ ಎಲ್ಲದರಲ್ಲೂ ಇರುವುದು ಇದೇ. ಜನರ ಸಮಯ ಇದರಿಂದ ಎಷ್ಟು ಪೋಲಾಗುತ್ತಿದೆ ಅಂತ ನೋಡಿ ಅವರೇ ಆಮೇಲೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು.

ಕೊನೆ ಇಲ್ಲ ಅನ್ನುವುದು ಒಂದು. ಮುಂದೇನು ಬರುತ್ತದೆ ಅಂತ ಗೊತ್ತಿಲ್ಲದಿರುವುದು ಇನ್ನೊಂದು. ಅಮೆರಿಕದ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದ ಮಧ್ಯದಲ್ಲಿ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಪೆಟ್ಟಿಗೆಯೊಳಗಿನ ಬಿಲ್ಲೆಯನ್ನು ಪಾರಿವಾಳ ಕುಕ್ಕಿದರೆ ಕಾಳು ಬೀಳುತ್ತದೆ. ಇಷ್ಟು ಸಲ ಕುಕ್ಕಿದರೆ ಕಾಳು ಅಂತ ಲೆಕ್ಕ ಖಚಿತವಾಗಿದ್ದರೆ ಅದು ಕಾಳು ತಿಂದು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಒಮ್ಮೆ ಮೂರನೇ ಸಲಕ್ಕೆ, ಒಮ್ಮೆ ಇಪ್ಪತ್ತನೇ ಸಲಕ್ಕೆ ಅಂತ ಲೆಕ್ಕ ತಪ್ಪಿಸಿ ಕೊಟ್ಟರೆ ಮಾತ್ರ ಬಿಡುವಿಲ್ಲದೆ ಕುಕ್ಕುತ್ತದೆ. ಕಾಳು ಬೀಳುವುದೇ ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಿರುತ್ತದೆ. ಹತ್ತು ರೀಲ್ಸ್ ಸಪ್ಪೆಯಾಗಿದ್ದರೂ ಹನ್ನೊಂದನೆಯದಕ್ಕೆ ಬೆರಳು ಏಳುವುದು ಯಾಕೆ ಅಂತ ಈಗ ಹೇಳಬೇಕಾಗಿಲ್ಲ ಅಲ್ವಾ?

ಇಲ್ಲಿ ಡೋಪಮಿನ್ ಎಂಬ ಹೆಸರು ಬರುತ್ತದೆ. ಇದು ಮಿದುಳಿನ ನರಕೋಶಗಳು ಒಂದಕ್ಕೊಂದು ಸಂದೇಶ ಮುಟ್ಟಿಸಲು ಬಳಸುವ ಒಂದು ರಾಸಾಯನಿಕ. ‘ಖುಷಿಯ ರಾಸಾಯನಿಕ’ ಅಂತ ಇದಕ್ಕೆ ಹೆಸರು ಬಿದ್ದಿದೆ, ಆದರೆ ಅದು ಪೂರ್ತಿ ಸರಿಯಲ್ಲ. ವುಲ್ಫ್‌ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳಿಗೆ ಹಣ್ಣಿನ ರಸ ಕೊಡುತ್ತಾ ಈ ನರಕೋಶಗಳನ್ನು ಗಮನಿಸಿದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಅವು ಚುರುಕಾಗುತ್ತಿದ್ದವು. ರಸಕ್ಕೆ ಮುಂಚೆ ಒಂದು ಸೂಚನೆ ಬರುತ್ತದೆ ಅಂತ ಮಂಗಕ್ಕೆ ಗೊತ್ತಾದ ಮೇಲೆ, ಆ ಸೂಚನೆ ಕಂಡಾಗಲೇ ಚುರುಕಾಗತೊಡಗಿದವು. ರಸ ಬಂದಾಗ ಏನೂ ವಿಶೇಷ ಇಲ್ಲ! ಅಂದರೆ ಇದು ಸಿಕ್ಕಿದ್ದಕ್ಕಿಂತ ಜಾಸ್ತಿ ಸಿಗಬಹುದಾದದ್ದರ ಲೆಕ್ಕ. ಫೋನಿನ ‘ಟಿಂಗ್’ ಸದ್ದಿಗೆ ಕೈ ತಾನಾಗಿ ಹೋಗುತ್ತದೆ, ನೋಡಿದರೆ ಯಾರೋ ಕಳಿಸಿದ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಇರುತ್ತದೆ. ಆದರೂ ಮುಂದಿನ ‘ಟಿಂಗ್’ಗೆ ಮತ್ತೆ ಕೈ ಹೋಗುತ್ತದೆ.

ನಮ್ಮ ದೇಶದಲ್ಲಿ ಇದೆಲ್ಲ ಬಹಳ ಬೇಗ ಆಯಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ, ತಿಂಗಳಿಗೆ 1 ಜಿಬಿ ಹಾಕಿಸಿ ಲೆಕ್ಕ ಇಟ್ಟು ಬಳಸುತ್ತಿದ್ದವರಿಗೆ ದಿನಕ್ಕೆ 1 ಜಿಬಿ ಮಾಮೂಲಾಯಿತು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು. ಜುಲೈನಲ್ಲಿ ರೀಲ್ಸ್ ಭಾರತಕ್ಕೆ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಭಾರತದಲ್ಲೇ ಮೊದಲು ಶುರುವಾಯಿತು. ಶುರುವಿನಲ್ಲಿ ಎರಡರದ್ದೂ ಅಳತೆ 15 ಸೆಕೆಂಡು. ಒಂದಕ್ಕೆ 30 ಸೆಕೆಂಡು ಅಂತ ಹಿಡಿದರೂ ಅರ್ಧ ಗಂಟೆಗೆ 60 ವಿಡಿಯೋ. ಅಡುಗೆ, ಅಪಘಾತ, ರಾಜಕೀಯ, ನಾಯಿಮರಿ, ಯಾರದೋ ಮದುವೆ. ಗಮನ ಅಷ್ಟೂ ಸಲ ಜಾಗ ಬದಲಿಸುತ್ತದೆ.

ಓದುವಾಗ ಒಳಗೆ ಏನು ನಡೆಯುತ್ತದೆ?

ನಾವು ಓದುವಾಗ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುತ್ತದೆ ಅಂತ ಅನಿಸುತ್ತದೆ. ಹಾಗಾಗುವುದಿಲ್ಲ. ಅದು ಕುಪ್ಪಳಿಸುತ್ತದೆ. ಒಂದು ಕಡೆ ಸುಮಾರು ಕಾಲು ಸೆಕೆಂಡು ನಿಂತು, ಮುಂದಕ್ಕೆ ನೆಗೆದು, ಮತ್ತೆ ನಿಲ್ಲುತ್ತದೆ. ನಿಂತಾಗ ಮಾತ್ರ ಅಕ್ಷರ ಕಾಣುವುದು. ಅರ್ಥ ಸಿಗದಿದ್ದರೆ ಹಿಂದಕ್ಕೂ ನೆಗೆಯುತ್ತದೆ. ಎದುರು ಕೂತು ಓದುತ್ತಿರುವವರ ಕಣ್ಣನ್ನು ಸ್ವಲ್ಪ ಹೊತ್ತು ಗಮನಿಸಿದರೆ ನಿಮಗೇ ಕಾಣುತ್ತದೆ. ಸಣ್ಣ ಸಣ್ಣ ಜಿಗಿತ, ಸಾಲಿನ ಕೊನೆಯಲ್ಲಿ ಎಡಕ್ಕೆ ಒಂದು ದೊಡ್ಡ ಜಿಗಿತ.

ಪದ ಉದ್ದವಾದಷ್ಟೂ ಕಣ್ಣು ಜಾಸ್ತಿ ಹೊತ್ತು ನಿಲ್ಲುತ್ತದೆ. ಕನ್ನಡದಲ್ಲಿ ಪದಗಳು ಬೆಳೆಯುವುದು ಜಾಸ್ತಿ: ‘ಹೇಳಿಕೊಂಡಿದ್ದಾರಂತೆ’ ಅನ್ನುವುದು ಒಂದೇ ಪದ. ಮೇಲೆ ಗುಣಿತದ ಗುಡಿಸು, ಕೆಳಗೆ ಒತ್ತಕ್ಷರ. ಸೋನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳೆಲ್ಲ ಕೈವಶವಾಗಲು ಮಕ್ಕಳಿಗೆ ನಾಲ್ಕನೇ ತರಗತಿಯವರೆಗೂ ಸಮಯ ಹಿಡಿಯುತ್ತದೆ ಅಂತ ಕಂಡುಬಂತು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವರು, ಹತ್ತು ವರ್ಷ ಕನ್ನಡ ಪುಸ್ತಕ ಮುಟ್ಟದವರು ‘ನನ್ನ ಓದು ಆಮೆ ಥರ’ ಅಂತ ಕೈಬಿಡುವುದುಂಟು. ನಿಧಾನವಾಗುವುದು ಸಹಜ. ಓದುತ್ತಾ ಹೋದ ಹಾಗೆ ಅಕ್ಷರ ಅಕ್ಷರವಾಗಿ ಬಿಡಿಸುವುದು ಹೋಗಿ ಪದವನ್ನೇ ಒಟ್ಟಿಗೆ ಗುರುತಿಸಲು ಬರುತ್ತದೆ.

ಇನ್ನೊಂದು ವಿಷಯ ಗೊತ್ತಿರಬೇಕು. ಮಾತಿಗೆ ಮಿದುಳು ಹುಟ್ಟಿನಿಂದಲೇ ಅಣಿಯಾಗಿರುತ್ತದೆ, ಓದಿಗೆ ಇಲ್ಲ. ಬರವಣಿಗೆ ಶುರುವಾಗಿ ಐದು ಸಾವಿರ ವರ್ಷ ಚಿಲ್ಲರೆ ಆಗಿದೆ ಅಷ್ಟೇ. ಅಷ್ಟರಲ್ಲಿ ಮಿದುಳಿನಲ್ಲಿ ಓದಿಗೆಂದೇ ಹೊಸ ಭಾಗ ಹುಟ್ಟಲು ಸಾಧ್ಯವಿಲ್ಲ. ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ದೆಹಾನ್ ಅವರ ವಿವರಣೆ ಹೀಗಿದೆ: ಮುಖ, ವಸ್ತುಗಳನ್ನು ಗುರುತಿಸಲು ಇದ್ದ ಎಡಭಾಗದ ಒಂದು ಜಾಗವನ್ನು ಮಿದುಳು ಅಕ್ಷರ ಗುರುತಿಸುವ ಕೆಲಸಕ್ಕೆ ಹಚ್ಚುತ್ತದೆ. ಹಾಗಾಗಿ ಓದು ಕಲಿತು ಗಳಿಸುವ ಕಸುಬು. ಬಳಕೆ ತಪ್ಪಿದರೆ ಕೈ ಕೆಡುತ್ತದೆ.

ಓದಿನ ಮೇಲೇ ಸಂಶೋಧನೆ ಮಾಡಿದ ಅಮೆರಿಕದ ಮೇರಿಯಾನ್ ವುಲ್ಫ್ ಅವರಿಗೇ ಇದು ಅನುಭವವಾಯಿತು. ದಿನವಿಡೀ ಪರದೆಯ ಮೇಲೆ ಕೆಲಸ ಮಾಡುತ್ತಿದ್ದ ಅವರು, ಚಿಕ್ಕ ವಯಸ್ಸಿನಲ್ಲಿ ಇಷ್ಟಪಟ್ಟಿದ್ದ ಹರ್ಮನ್ ಹೆಸ್ಸೆಯ ಒಂದು ಕಾದಂಬರಿಯನ್ನು ಮತ್ತೆ ಎತ್ತಿಕೊಂಡರು. ಓದಲು ಆಗಲೇ ಇಲ್ಲ. ವಾಕ್ಯಗಳು ಉದ್ದ ಅನಿಸಿದವು, ಕಥೆ ಮುಂದೆ ಹೋಗುತ್ತಿಲ್ಲ ಅನಿಸಿತು. ಇಟ್ಟುಬಿಟ್ಟರು. ಆಮೇಲೆ ಹಟ ಹಿಡಿದು ದಿನಕ್ಕೆ 20 ನಿಮಿಷ ಮಾತ್ರ ಅಂತ ಕೂತರು. ಸುಮಾರು ಎರಡು ವಾರದಲ್ಲಿ ಹಳೆಯ ಓಟ ವಾಪಸ್ ಬಂತು. ಇದನ್ನು ಅವರು 2018ರ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಓದಿನ ಪರಿಣತರಿಗೇ ಹೀಗಾದರೆ ನಮ್ಮನಿಮ್ಮ ಪಾಡೇನು?

ಬಚ್ಚಲಿನ ಹಂಡೆ ಒಲೆಗೆ ಬೆಂಕಿ ಹಾಕಿದವರಿಗೆ ಈ ಮೊದಲ ಹತ್ತು ನಿಮಿಷ ಬೇಗ ಅರ್ಥವಾಗುತ್ತದೆ. ಹಸಿ ಸೌದೆ, ಹೊಗೆ, ಕಣ್ಣುರಿ, ಊದುಕೊಳವೆ. ಇದು ಹತ್ತುವುದಿಲ್ಲ ಅಂತಲೇ ಅನಿಸುತ್ತದೆ. ಒಮ್ಮೆ ಹೊತ್ತಿಕೊಂಡರೆ ಆಮೇಲೆ ಆಗಾಗ ಸೌದೆ ತಳ್ಳಿದರೆ ಸಾಕು. ಓದಿಗೆ ಕೂತ ಶುರುವಿನಲ್ಲಿ ಮನಸ್ಸು ಕರೆಂಟ್ ಬಿಲ್ಲು, ನಾಳೆಯ ತಿಂಡಿ, ಯಾರೋ ಹೇಳಿದ ಮಾತು ಅಂತ ಸುತ್ತುತ್ತದೆ. ಅದೇ ಸಾಲು ಎರಡು ಸಲ ಓದಿಸಿಕೊಳ್ಳುತ್ತದೆ. ಹೆಚ್ಚಿನವರು ಕೈಬಿಡುವುದು ಆಗಲೇ. ಕ್ಯಾಲಿಫೋರ್ನಿಯಾದ ಸಂಶೋಧಕಿ ಗ್ಲೋರಿಯಾ ಮಾರ್ಕ್ ಕಂಪ್ಯೂಟರ್ ಮುಂದೆ ಕೂತವರು ಒಂದು ಪರದೆಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಅಳೆದಿದ್ದಾರೆ. 2004ರಲ್ಲಿ ಅದು ಸರಾಸರಿ ಎರಡೂವರೆ ನಿಮಿಷ ಇತ್ತು, ಈಚಿನ ವರ್ಷಗಳಲ್ಲಿ ಸುಮಾರು 47 ಸೆಕೆಂಡಿಗೆ ಇಳಿದಿದೆ. 47 ಸೆಕೆಂಡಿಗೊಮ್ಮೆ ಹಾರುವ ರೂಢಿ ಇರುವ ಗಮನಕ್ಕೆ ಹತ್ತು ನಿಮಿಷ ಒಂದೇ ಕಡೆ ಕೂರು ಅಂದರೆ ಅದು ಮಿಸುಕಾಡುವುದು ಸಹಜ.

21 ದಿನದ ಕಥೆ

ಪ್ರತಿ ಸಲ ತೀರ್ಮಾನ ಮಾಡದೆ ಒಂದು ಸಂದರ್ಭ ಬಂದ ಕೂಡಲೇ ತಾನಾಗಿ ಆಗುವ ಕೆಲಸಕ್ಕೆ ಅಭ್ಯಾಸ ಅನ್ನುತ್ತೇವೆ. ಬೆಳಿಗ್ಗೆ ಎದ್ದು ಬ್ರಷ್ ಹಿಡಿಯಲು ಯಾರೂ ಸಂಕಲ್ಪ ಮಾಡುವುದಿಲ್ಲ. ಹಾಗೆ ಆಗಬೇಕಾದರೆ ಎಷ್ಟು ದಿನ ಬೇಕು?

21 ದಿನ ಅಂತ ಎಲ್ಲ ಕಡೆ ಕೇಳಿರುತ್ತೀರಿ. ಇದರ ಮೂಲ ವಿಚಿತ್ರವಾಗಿದೆ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆ ಅಂದರೆ 21 ದಿನ ಹಿಡಿಯುತ್ತದೆ ಅಂತ 1960ರಲ್ಲಿ ಬರೆದಿದ್ದರು. ಬಾಯಿಂದ ಬಾಯಿಗೆ ಬರುವಾಗ ಹೊಸ ಮುಖ ಬಿಟ್ಟುಹೋಯಿತು, ‘ಕಡಿಮೆ ಅಂದರೆ’ಯೂ ಬಿಟ್ಟುಹೋಯಿತು. 21 ದಿನ ಮಾತ್ರ ಉಳಿಯಿತು.

ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು. 96 ಮಂದಿಗೆ, ದಿನದ ಯಾವುದಾದರೂ ಮಾಮೂಲಿ ಕೆಲಸಕ್ಕೆ ಒಂದು ಹೊಸ ಕೆಲಸ ಜೋಡಿಸಿಕೊಳ್ಳಲು ಹೇಳಿದರು. ಉದಾಹರಣೆಗೆ, ತಿಂಡಿ ಆದ ಮೇಲೆ ಒಂದು ಲೋಟ ನೀರು. ತಾನಾಗಿ ಆಗುವ ಮಟ್ಟಕ್ಕೆ ಬರಲು ಹಿಡಿದದ್ದು ಮಧ್ಯಮ ಲೆಕ್ಕದಲ್ಲಿ (ಅರ್ಧ ಜನಕ್ಕೆ ಇದಕ್ಕಿಂತ ಕಡಿಮೆ, ಅರ್ಧ ಜನಕ್ಕೆ ಜಾಸ್ತಿ) 66 ದಿನ. ಆದರೆ ಒಬ್ಬೊಬ್ಬರಿಗೆ ಒಂದೊಂದು ಥರ, 18 ದಿನದಿಂದ 254 ದಿನದವರೆಗೆ. ನೀರು ಕುಡಿಯುವಂಥ ಸುಲಭದ ಕೆಲಸ ಬೇಗ ಕೂತಿತು, ವ್ಯಾಯಾಮಕ್ಕೆ ಜಾಸ್ತಿ ದಿನ ಬೇಕಾಯಿತು. ನಮಗೆ ಬೇಕಾದ ಇನ್ನೊಂದು ಅಂಶವೂ ಅದರಲ್ಲಿದೆ: ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟ ಏನೂ ಆಗಲಿಲ್ಲ. ಮದುವೆ ಮನೆ, ಜ್ವರ, ಊರಿನ ಜಾತ್ರೆ ಅಂತ ಒಂದು ದಿನ ಓದು ಬಿಟ್ಟುಹೋದರೆ ‘ಎಲ್ಲ ಹಾಳಾಯ್ತು’ ಅನ್ನುವ ಕಾರಣವಿಲ್ಲ. ಮಾರನೇ ದಿನ ಕೂತರಾಯಿತು.

ಈ ಪ್ರಯೋಗದ ಕೀಲಿ ಇರುವುದು ‘ತಿಂಡಿ ಆದ ಮೇಲೆ’ ಅನ್ನುವ ಮಾತಿನಲ್ಲಿ. ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಕೂಡ ಇದನ್ನೇ ಬೇರೆ ದಾರಿಯಲ್ಲಿ ತೋರಿಸಿದ್ದಾರೆ. ‘ಇನ್ನು ಮೇಲೆ ಓದುತ್ತೇನೆ’ ಅಂದವರಿಗಿಂತ, ‘ಇಂಥ ಹೊತ್ತಿನಲ್ಲಿ, ಇಂಥ ಜಾಗದಲ್ಲಿ, ಇದಾದ ಮೇಲೆ ಓದುತ್ತೇನೆ’ ಅಂತ ಮೊದಲೇ ನಿಶ್ಚಯಿಸಿಕೊಂಡವರು ಅದನ್ನು ಮಾಡುವುದು ಜಾಸ್ತಿ.

ಹಾಗಾದರೆ ಶುರು ಮಾಡುವುದು ಹೇಗೆ?

ಮೊದಲು ಫೋನಿನ ಜಾಗ ಬದಲಿಸಿ. ಬೇರೆ ಉಪಾಯಗಳೆಲ್ಲ ಇದರ ಮುಂದೆ ಸಣ್ಣವು. ನೋಟಿಫಿಕೇಶನ್ ಆಫ್ ಮಾಡುವುದು, ಪರದೆಯನ್ನು ಕಪ್ಪುಬಿಳುಪು ಮಾಡುವುದು, ಆ್ಯಪಿಗೆ ಸಮಯದ ಮಿತಿ ಹಾಕುವುದು ಎಲ್ಲ ಇರಲಿ. ಆದರೆ ಮಿತಿ ಮುಗಿದಾಗ ‘ಇವತ್ತೊಂದು ದಿನ ಬಿಡು’ ಅಂತ ಒತ್ತಲು ಬೆರಳಿಗೆ ಅರ್ಧ ಸೆಕೆಂಡು ಸಾಕು. ಎದ್ದು ಅಡುಗೆಮನೆಗೆ ಹೋಗಿ ತರಬೇಕು ಅಂದರೆ ಸೋಮಾರಿತನ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಫೋನ್ ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದರೂ ಗಮನ ಕಡಿಮೆಯಾಗುತ್ತದೆ ಅಂತ 2017ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದವರು ಹೇಳಿದ್ದರು. ಆಮೇಲಿನ ಎಲ್ಲ ಅಧ್ಯಯನಗಳಲ್ಲೂ ಅದೇ ಫಲಿತಾಂಶ ಬರಲಿಲ್ಲ. ಬರದಿದ್ದರೂ ಪರವಾಗಿಲ್ಲ, ಕೈಗೆ ಸಿಗದ ಫೋನನ್ನು ಯಾರೂ ನೋಡಲಾರರು.

‘ಅಲಾರಾಂ ಬೇಕಲ್ಲ, ಅದಕ್ಕೇ ತಲೆದಿಂಬಿನ ಪಕ್ಕ ಇಟ್ಟುಕೊಳ್ಳೋದು’ ಅನ್ನುವವರು ಬಹಳ. ಒಂದು ಸಾಧಾರಣ ಅಲಾರಾಂ ಗಡಿಯಾರ ತಂದರೆ ಆ ನೆಪ ಮುಗಿಯಿತು. ಚಾರ್ಜರನ್ನು ಹಾಲಿನ ಪ್ಲಗ್ಗಿಗೆ ಹಾಕಿ. ಫೋನ್ ಇರುತ್ತಿದ್ದ ಜಾಗದಲ್ಲೇ ಪುಸ್ತಕ ಇಡಿ, ಓದುತ್ತಿರುವ ಪುಟಕ್ಕೆ ಗುರುತು ಹಾಕಿ. ಕಪಾಟಿನಲ್ಲಿ, ಗಾಜಿನ ಹಿಂದೆ ಸಾಲಾಗಿ ನಿಂತಿರುವ ಪುಸ್ತಕ ನೋಡಲು ಚೆನ್ನ, ಅಷ್ಟೇ. ಪುಸ್ತಕ ಎದ್ದು ಬರುವುದಿಲ್ಲ, ತಂದಿಡಬೇಕು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು ಅಂತ ಕೇಳಿದ್ದೇವಲ್ಲ, ಓದುಗ ಮತ್ತು ಪುಸ್ತಕದ ನಡುವಿನ ದೂರ ಎಷ್ಟು ಮುಖ್ಯ ಅಂತ ಅವರಿಗೆ ನೂರು ವರ್ಷದ ಹಿಂದೆಯೇ ಗೊತ್ತಿತ್ತು.

ಆಮೇಲೆ ಹೊತ್ತು. ‘ಟೈಮ್ ಸಿಕ್ಕಾಗ’ ಅಂದರೆ ಸಿಗುವುದಿಲ್ಲ. ರಾತ್ರಿ ಊಟವಾಗಿ ತಟ್ಟೆ ತೊಳೆದಿಟ್ಟ ಮೇಲೆ, ಬೆಳಗಿನ ಕಾಫಿ ಲೋಟ ಕೈಗೆ ಬಂದಾಗ, ಮೆಟ್ರೋದಲ್ಲಿ ಸೀಟು ಸಿಕ್ಕ ಕೂಡಲೇ, ಹೀಗೆ ದಿನಾ ಆಗುವ ಯಾವುದೋ ಒಂದಕ್ಕೆ ಕಟ್ಟಿ. ಗುರಿ ಸಣ್ಣದಿರಲಿ. ಒಂದು ಪುಟಕ್ಕೆ ಎರಡು ನಿಮಿಷ ಅಂತ ಇಟ್ಟುಕೊಂಡರೆ ಹತ್ತು ಪುಟಕ್ಕೆ 20 ನಿಮಿಷ. ದಿನಕ್ಕೆ ಹತ್ತು ಪುಟ ಅಂದರೆ 200 ಪುಟದ ಕಾದಂಬರಿ 20 ದಿನಕ್ಕೆ ಮುಗಿಯುತ್ತದೆ, ವರ್ಷಕ್ಕೆ 18 ಪುಸ್ತಕ. ಈ ಲೆಕ್ಕ ಹಾಕಿ ನೋಡಿದಾಗ ಹೆಚ್ಚಿನವರು ನಂಬುವುದಿಲ್ಲ.

ಓದುವಾಗ ಪಕ್ಕದಲ್ಲಿ ಒಂದು ಚೀಟಿ, ಪೆನ್ಸಿಲ್ ಇರಲಿ. ‘ಗ್ಯಾಸ್ ಬುಕ್ ಮಾಡಬೇಕಿತ್ತು’ ಅಂತ ನೆನಪಾದರೆ ಅದರಲ್ಲಿ ಬರೆದು ಮುಂದೆ ಓದಿ. ಬುಕ್ ಮಾಡೋಣ ಅಂತ ಫೋನ್ ಎತ್ತಿದರೆ ಗ್ಯಾಸ್ ಬುಕ್ ಆಗುತ್ತದೋ ಇಲ್ಲವೋ, ಓದಂತೂ ಹೋಯಿತು. ಅರ್ಥವಾಗದ ಪದಕ್ಕೂ ಇದೇ ಮಾತು. ಗುರುತು ಹಾಕಿಟ್ಟು ಆಮೇಲೆ ನೋಡಿ. ಅಧ್ಯಾಯ ಮುಗಿಸಿಯೇ ಏಳಬೇಕು ಅಂತಲೂ ಇಲ್ಲ. ಕಥೆಯಲ್ಲಿ ಬಾಗಿಲು ತಟ್ಟಿದ್ದು ಯಾರು ಅಂತ ಗೊತ್ತಾಗುವ ಮುಂಚೆ ಎದ್ದರೆ ಮಾರನೇ ದಿನ ಕೂರಲು ಕಾರಣ ಸಿಕ್ಕಿತು.

ಯಾವ ಪುಸ್ತಕ? ಇಲ್ಲೇ ಜನ ಎಡವುವುದು. ಬಹಳ ವರ್ಷದ ಮೇಲೆ ಓದಲು ಕೂತವರು ‘ಓದಲೇಬೇಕಾದ’ 600 ಪುಟದ ಪುಸ್ತಕ ತರುತ್ತಾರೆ, 30ನೇ ಪುಟದಲ್ಲಿ ಅದು ದಿಂಬಾಗುತ್ತದೆ. ಸಣ್ಣ ಕಥೆ, ಪ್ರಬಂಧ, ಪತ್ತೇದಾರಿ, ಮಕ್ಕಳ ಕಥೆ, ಹಿಂದೆ ಓದಿ ಇಷ್ಟವಾದದ್ದು, ಯಾವುದಾದರೂ ಆಗಬಹುದು. ಮೊದಲ ಎರಡು ತಿಂಗಳು ಪುಸ್ತಕದ ಘನತೆಗಿಂತ ಪುಟ ತಿರುಗುವುದು ಮುಖ್ಯ. 40–50 ಪುಟ ಓದಿದರೂ ಹಿಡಿಸದಿದ್ದರೆ ಬಿಟ್ಟು ಬೇರೆಯದು ಎತ್ತಿಕೊಳ್ಳಿ, ಅದರಲ್ಲಿ ಪಾಪ ಏನೂ ಇಲ್ಲ. ನಮ್ಮ ಅಮ್ಮಂದಿರು, ಅಜ್ಜಿಯರು ಓದುಗರಾದದ್ದು ಹೀಗೇ. 1965ರಲ್ಲಿ ಸುಧಾ, 1983ರಲ್ಲಿ ತರಂಗ ಬಂದವು. ವಾರಕ್ಕೊಂದು ಕಂತು, ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಕಾಲು ಗಂಟೆ, ಆಮೇಲೆ ಪಕ್ಕದ ಮನೆಯವರ ಜೊತೆ ‘ಅವಳು ಹಾಗೆ ಮಾಡಬಾರದಿತ್ತು’ ಅಂತ ಚರ್ಚೆ. ಹೊತ್ತು ಗೊತ್ತಿತ್ತು, ಅಳತೆ ಸಣ್ಣದಿತ್ತು, ಮಾತಾಡಲು ಜೊತೆ ಇತ್ತು.

ಫೋನಿನಲ್ಲೇ ಓದಿದರೆ ಆಗಲ್ವಾ?

ಆಗುತ್ತದೆ, ಆದರೆ ಎರಡು ತೊಂದರೆ ಇವೆ. ಕಾಗದ ಮತ್ತು ಪರದೆಯ ಓದನ್ನು ಹೋಲಿಸಿದ 54 ಅಧ್ಯಯನಗಳನ್ನು ಒಟ್ಟಿಗೆ ನೋಡಿ 2018ರಲ್ಲಿ ಒಂದು ವಿಶ್ಲೇಷಣೆ ಬಂತು. ಅದರಲ್ಲಿ ಸೇರಿದ್ದವರು 1.7 ಲಕ್ಷಕ್ಕೂ ಹೆಚ್ಚು ಜನ. ಮಾಹಿತಿ ಕೊಡುವ ಬರಹಗಳು ಕಾಗದದಲ್ಲಿ ಸ್ವಲ್ಪ ಚೆನ್ನಾಗಿ ಅರ್ಥವಾಗುತ್ತವೆ, ಸಮಯದ ಒತ್ತಡ ಇದ್ದರೆ ಈ ವ್ಯತ್ಯಾಸ ಇನ್ನೂ ಹೆಚ್ಚು ಅಂತ ಅದು ಹೇಳಿತು. ಕಥೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಫೋನಿನಲ್ಲಿ ಕಾದಂಬರಿ ಓದಿದರೆ ತಲೆಗೆ ಹೋಗುವುದಿಲ್ಲ ಅಂತೇನಿಲ್ಲ. ಆದರೆ ಕಥೆಯ ಮಧ್ಯೆ ವಾಟ್ಸ್‌ಆ್ಯಪ್ ಇಣುಕುತ್ತದೆ. ಕಾಗದದ ಹಾಗೆ ಕಾಣುವ ಇ-ಇಂಕ್ ಪರದೆಯ, ಪುಸ್ತಕ ಓದಲೆಂದೇ ಮಾಡಿದ ಇ-ರೀಡರ್ ಸಾಧನಗಳಲ್ಲಿ ಈ ಕಾಟ ಇಲ್ಲ.

ಇನ್ನೊಂದು ನಿದ್ದೆ. ಮಲಗುವ ಮುಂಚಿನ ಗಂಟೆಗಳಲ್ಲಿ ಬೆಳಕು ಸೂಸುವ ಪರದೆಯಲ್ಲಿ ಓದಿದ 12 ಮಂದಿಯನ್ನು, ಅವರೇ ಕಾಗದದ ಪುಸ್ತಕ ಓದಿದ ರಾತ್ರಿಗಳ ಜೊತೆ ಹೋಲಿಸಿದ ಅಮೆರಿಕದ ಒಂದು ಅಧ್ಯಯನ ಇದೆ. ಪರದೆಯಲ್ಲಿ ಓದಿದ ದಿನ ನಿದ್ದೆ ಹತ್ತಲು ಸುಮಾರು 10 ನಿಮಿಷ ಜಾಸ್ತಿ ಬೇಕಾಯಿತು. ನಿದ್ದೆಗೆ ಮೈಯನ್ನು ಅಣಿ ಮಾಡುವ ಮೆಲಟೋನಿನ್ ಎಂಬ ಹಾರ್ಮೋನ್ ಏರುವುದೂ ತಡವಾಯಿತು. ಸಣ್ಣ ಅಧ್ಯಯನ, ಆದರೂ ಹಾಸಿಗೆಯ ಓದಿಗೆ ಕಾಗದವೇ ಮೇಲು ಅನ್ನಲು ಅಷ್ಟು ಸಾಕು.

ಆಡಿಯೋ ಪುಸ್ತಕ ಕೇಳುವುದು ಓದಾಗುತ್ತದೋ ಇಲ್ಲವೋ ಅಂತ ಜಗಳ ಬೇಡ. ಗಮಕಿಗಳು ಭಾರತ ಓದುವುದನ್ನು ಊರಿಗೆ ಊರೇ ಕೂತು ಕೇಳುತ್ತಿದ್ದ ನಾಡು ನಮ್ಮದು. ಕಣ್ಣು ದಣಿದಿರುವ ಹಿರಿಯರಿಗೆ, ಅಡುಗೆ ಮಾಡುವಾಗ, ಗಾಡಿ ಓಡಿಸುವಾಗ ಅದು ಒಳ್ಳೆಯದೇ. ಅಕ್ಷರದ ಓಟ ಮರಳಿ ಬರಬೇಕಾದರೆ ಮಾತ್ರ ಅಕ್ಷರವನ್ನೇ ಓದಬೇಕು.

ಮಕ್ಕಳಿರುವ ಮನೆಯಲ್ಲಿ

ಮಗುವಿಗೆ ‘ಫೋನ್ ಇಡು, ಓದು’ ಅಂತ ಹೇಳುವವರ ಕೈಯಲ್ಲೇ ಫೋನ್ ಇದ್ದರೆ ಮಾತು ನಿಲ್ಲುವುದಿಲ್ಲ. ಇದು ಉಪದೇಶವಲ್ಲ, ಮಕ್ಕಳು ನೋಡಿ ಕಲಿಯುವ ರೀತಿಯೇ ಹಾಗೆ. ಇನ್ನೂ ಓದಲು ಬಾರದ ಮಗುವಿಗೆ ದಿನಾ ಮಲಗುವ ಮುಂಚೆ ಒಂದು ಕಥೆ ಗಟ್ಟಿಯಾಗಿ ಓದಿ ಹೇಳಿ. ಅದೇ ಕಥೆಯನ್ನು ಮತ್ತೆ ಮತ್ತೆ ಕೇಳುತ್ತದೆ, ನಮಗೆ ಬೇಜಾರಾಗುತ್ತದೆ, ಓದಬೇಕು. ಅಕ್ಷರ ಕಲಿಯುತ್ತಿರುವ ಮಗು ಒಂದು ಸಾಲು, ನೀವು ಒಂದು ಸಾಲು ಅಂತ ಹಂಚಿಕೊಂಡರೆ ಒತ್ತಕ್ಷರದ ಭಯ ಕಡಿಮೆಯಾಗುತ್ತದೆ. ಪಠ್ಯಪುಸ್ತಕವನ್ನು ಈ ಹೊತ್ತಿಗೆ ತರಬೇಡಿ, ಪ್ರಶ್ನೆ ಕೇಳಿ ಪರೀಕ್ಷೆಯನ್ನೂ ಮಾಡಬೇಡಿ.

ಫೋನ್ ಕಿತ್ತುಕೊಂಡರೆ ಊಟ ಬಿಡುವುದು, ನಿದ್ದೆ ಕೆಡುವುದು, ಶಾಲೆ ಅಥವಾ ಕೆಲಸ ಹಾಳಾಗುವುದು, ಬಿಡಬೇಕು ಅಂದರೂ ಬಿಡಲಾಗದಿರುವುದು ಕಂಡರೆ ಅದು ಪುಸ್ತಕ ತಂದುಕೊಟ್ಟರೆ ಸರಿಯಾಗುವ ವಿಷಯವಲ್ಲ. ಮಕ್ಕಳಿರಲಿ, ದೊಡ್ಡವರಿರಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ‘ಶಟ್’ ಎಂಬ ಕ್ಲಿನಿಕ್ ಇದೆ.

ಪುಸ್ತಕ ಎಲ್ಲಿ ಸಿಗುತ್ತದೆ?

ಕೊಂಡೇ ಓದಬೇಕಾಗಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಸೇರಿರುತ್ತದೆ. ಅಂದರೆ ಮನೆ ಕಂದಾಯ ಕಟ್ಟುವವರು ಓದಲಿ ಬಿಡಲಿ, ಲೈಬ್ರರಿಗೆ ದುಡ್ಡು ಕೊಟ್ಟಾಗಿದೆ! ಹಳ್ಳಿಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅವುಗಳಿಗೆ ‘ಅರಿವು ಕೇಂದ್ರ’ ಅನ್ನುತ್ತಾರೆ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತವಾಗಿ ಸದಸ್ಯತ್ವ ಕೊಟ್ಟರು. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ ಇದೆ, ಬಡಾವಣೆಗಳಲ್ಲಿ ಶಾಖೆಗಳಿವೆ. ಒಬ್ಬರೇ ಕೂತರೆ ಓದು ಸಾಗುವುದಿಲ್ಲ ಅನ್ನುವವರಿಗೆ ಅದೇ ಪಾರ್ಕಿನಲ್ಲಿ 2023ರ ಆರಂಭದಿಂದ ಶನಿವಾರ ಬೆಳಿಗ್ಗೆ ‘ಕಬ್ಬನ್ ರೀಡ್ಸ್’ ಸೇರುತ್ತದೆ. ಚಾಪೆ ಹಾಸಿಕೊಂಡು, ತಂದ ಪುಸ್ತಕವನ್ನು ಮಾತಿಲ್ಲದೆ ಓದಿ ಎದ್ದು ಹೋಗುವುದು, ಅಷ್ಟೇ. ಭಾಷಣ ಇಲ್ಲ, ಫೀಸಿಲ್ಲ. ಈ ಪದ್ಧತಿ ಬೇರೆ ಊರು, ಬೇರೆ ದೇಶಗಳಿಗೂ ಹಬ್ಬಿದೆ. ನಿಮ್ಮ ಬೀದಿಯ ನಾಲ್ಕು ಜನ ಸೇರಿಯೂ ಮಾಡಬಹುದು.

ಲೈಬ್ರರಿಯಿಂದ ತಂದ ಪುಸ್ತಕಕ್ಕೆ ಕೊಂಡ ಪುಸ್ತಕಕ್ಕಿಲ್ಲದ ಒಂದು ಅನುಕೂಲ ಇದೆ: ವಾಪಸ್ ಕೊಡುವ ತಾರೀಕು. ಅದು ತಲೆಯ ಮೇಲಿದ್ದರೆ ಪುಟ ತಾನಾಗಿ ಮುಂದೆ ಹೋಗುತ್ತದೆ. ಸದಸ್ಯರಾಗಲು ವಿಳಾಸದ ಪುರಾವೆ ಕೇಳುತ್ತಾರೆ, ಆಧಾರ್ ಪ್ರತಿ ಒಯ್ಯಿರಿ. ತೆರೆಯುವ ಹೊತ್ತು ಮತ್ತು ವಾರದ ರಜೆ ಊರಿಂದೂರಿಗೆ ಬೇರೆ ಇರಬಹುದು, ಮೊದಲ ಸಲ ಹೋಗುವ ಮುಂಚೆ ಕೇಳಿಕೊಂಡು ಹೋಗಿ.